ಡೊಮೇನ್ ಹೆಸರು ಚೆಕ್‌ನಲ್ಲಿ ‘ಲಭ್ಯ’, ಕ್ರಿಯೇಟ್ ಮಾಡಿದರೆ 2004 ಎರರ್. ದರ ಪಟ್ಟಿ ಸರಿಯೇ ಉಂಟಲ್ವಾ?

ಅಲೆವೂರು_ಕೋಡ್:
ನಮಸ್ಕಾರ. ಮಣಿಪಾಲದಲ್ಲಿ ಕೂತು ಒಂದು ಸಣ್ಣ ರಿಜಿಸ್ಟ್ರಾರ್ (ಗಿರಾಕಿಗಳಿಗೆ ಡೊಮೇನ್ ಹೆಸರು ನೋಂದಾಯಿಸಿ ಕೊಡುವ) ಕಂಪನಿಗೆ ಬಿಲ್ಲಿಂಗ್ ಕೋಡ್ ಬರೆಯುತ್ತೇನೆ. ಉಡುಪಿ ರಥಬೀದಿ ಹತ್ತಿರದ ಅಂಗಡಿಯವರೊಬ್ಬರಿಗೆ ಡಾಟ್ ಕಾಮ್ ಬೇಡವಂತೆ, ಹೊಸ ಬಗೆಯ ಎಕ್ಸ್‌ಟೆನ್ಶನ್ನೇ (ಹೆಸರಿನ ಕೊನೆಯ ಭಾಗ) ಬೇಕಂತೆ. ಹೆಸರು ನಾಲ್ಕೇ ಅಕ್ಷರ. ಇಪಿಪಿ (ರಿಜಿಸ್ಟ್ರಾರ್ ಮತ್ತು ರಿಜಿಸ್ಟ್ರಿ ಸರ್ವರ್‌ಗಳು ಮಾತಾಡುವ ಭಾಷೆ) ಮೂಲಕ ಚೆಕ್ ಕಳಿಸಿದರೆ ಲಭ್ಯ ಎಂದು ಬರುತ್ತದೆ. ಪಟ್ಟಿಯ ದರಕ್ಕೆ ಬಿಲ್ ಮಾಡಿದೆ, ಹಣವೂ ಬಂತು. ನೋಂದಣಿಗೆ ಕ್ರಿಯೇಟ್ ಆಜ್ಞೆ ಕಳಿಸಿದರೆ 2004 ಎರರ್. ದರ ಬರೆಯುವ ಫೀ ಭಾಗವನ್ನೇ ತೆಗೆದು ಕಳಿಸಿದರೆ 2003 ಎರರ್. ರಿಜಿಸ್ಟ್ರಿ (ಆ ಎಕ್ಸ್‌ಟೆನ್ಶನ್ ನಡೆಸುವ ಸಂಸ್ಥೆ) ಕೊಟ್ಟ ದರ ಪಟ್ಟಿಯ ಸಿಎಸ್‌ವಿ ಫೈಲನ್ನು ಮೂರು ಸಲ ನೋಡಿದೆ, ದರ ಸರಿಯೇ ಉಂಟು. ಬೇರೆ ಹೆಸರುಗಳು ಇದೇ ಕೋಡ್‌ನಲ್ಲಿ ಆಗುತ್ತವೆ. ಎರಡು ದಿನದಿಂದ ತಲೆ ಕೆಟ್ಟಿದೆ.

ಕದ್ರಿ_ಗುಡ್ಡೆ:
ರೂಪಾಯಿಯಲ್ಲಿ ಕಳಿಸ್ತಿದ್ದೀರಾ? ಕರೆನ್ಸಿ ಹೊಂದದಿದ್ದರೂ 2004 ಬರುತ್ತದೆ.

ಅಲೆವೂರು_ಕೋಡ್:
ಇಲ್ಲ, ಡಾಲರ್‌ನಲ್ಲೇ. ಅದನ್ನು ಮೊದಲೇ ನೋಡಿದೆ.

ಬಂದರು_ಬಾವಿ:
ಪಟ್ಟಿ ತಪ್ಪಿಲ್ಲ ಮಾರಾಯ್ರೇ, ನೀವು ಕೇಳುವ ಹೆಸರು ಆ ಪಟ್ಟಿಯ ಮಾಮೂಲಿ ದರಕ್ಕೆ ಸೇರಿದ್ದೇ ಅಲ್ಲ. ನಾಲ್ಕಕ್ಷರ ಅಂದಾಗಲೇ ಗೊತ್ತಾಯಿತು. ಅದು ಪ್ರೀಮಿಯಂ ಹೆಸರು, ಅಂದರೆ ರಿಜಿಸ್ಟ್ರಿಯೇ ಬೇರೆ ದರ ಇಟ್ಟದ್ದು.

ಡಾಟ್ ಕಾಮ್‌ನಲ್ಲಿ ರಿಜಿಸ್ಟ್ರಿಯ ಸಗಟು ದರ ಎಲ್ಲ ಹೆಸರಿಗೂ ಒಂದೇ. ದುಬಾರಿ ಡಾಟ್ ಕಾಮ್ ಅಂತ ನಾವು ನೋಡುವುದೆಲ್ಲ ಈಗಾಗಲೇ ಯಾರೋ ಕೊಂಡದ್ದರ ಮರುಮಾರಾಟ. ಅಲ್ಲಿ ಕೆಲಸ ಕಲಿತವರು ಪಟ್ಟಿ ನೋಡಿ ಗುಣಿಸುವ ಕೋಡ್ ಬರೆಯುತ್ತಾರೆ. ನಾನೂ ಹಾಗೇ ಬರೆದಿದ್ದೆ. ಹೊಸ ಎಕ್ಸ್‌ಟೆನ್ಶನ್‌ಗಳಲ್ಲಿ ಎಷ್ಟೋ ಕಡೆ ಹೆಸರಿಗೊಂದು ದರ. ಮಲ್ಪೆಯಲ್ಲಿ ನಿನ್ನೆಯ ಚೀಟಿ ಹಿಡಿದು ಇವತ್ತು ಅಂಜಲ್ ಮೀನು ಕೇಳಿದರೆ ಕೊಡುತ್ತಾರಾ? ಆಗಲೇ ಕೇಳಬೇಕು.

ಕೇಳುವ ದಾರಿ ಆರ್‌ಎಫ್‌ಸಿ 8748 ಎಂಬ ಇಂಟರ್ನೆಟ್ ಮಾನದಂಡ. 2020ರಲ್ಲಿ ಬಂದ ಫೀ ಎಕ್ಸ್‌ಟೆನ್ಶನ್ (ಇಪಿಪಿಗೆ ದರ ಕೇಳುವ ಸೇರ್ಪಡೆ) ಇದೇ. ನಿಮ್ಮ ಚೆಕ್ ಸುಮ್ನೆ ‘ಖಾಲಿ ಉಂಟಾ’ ಎಂದಷ್ಟೇ ಕೇಳುತ್ತಿದೆ. ಅದರ ಜೊತೆ ಫೀ ಚೆಕ್ ಸೇರಿಸಿ. ಕ್ರಿಯೇಟ್‌ಗೆ ಎಷ್ಟು, ರಿನ್ಯೂ, ಟ್ರಾನ್ಸ್‌ಫರ್, ರಿಸ್ಟೋರ್‌ಗೆ ಎಷ್ಟು ಎಂದು ಒಂದೇ ಸಲ ಕೇಳಬಹುದು. ಉತ್ತರದಲ್ಲಿ ಮೊತ್ತ, ಕರೆನ್ಸಿ, ಅವಧಿ ಬರುತ್ತವೆ. ಕ್ಲಾಸ್ ಕೂಡ ಇದ್ದರೆ ನೋಡಿ. ‘ಸ್ಟ್ಯಾಂಡರ್ಡ್’ ಎಂದಿದ್ದರೆ ಮಾಮೂಲಿ ದರ, ಬೇರೇನಾದರೂ ಇದ್ದರೆ ಎಚ್ಚರ. ಅದೇ ಮೊತ್ತವನ್ನು ಕ್ರಿಯೇಟ್‌ನಲ್ಲಿ ವಾಪಸ್ ಕಳಿಸಿ. ‘ಇಷ್ಟು ಕೊಡಲು ಒಪ್ಪಿದ್ದೇನೆ’ ಎನ್ನುವ ರುಜು ಅದು. ಕಡಿಮೆ ಬರೆದರೆ 2004, ಬರೆಯದಿದ್ದರೆ 2003. ನಿಮಗೆ ಎರಡೂ ಸಿಕ್ಕಿವೆ!

ಲಾಗಿನ್‌ನಲ್ಲಿ ಆ ಫೀ ಎಕ್ಸ್‌ಟೆನ್ಶನ್ ಹೆಸರು ಹೇಳಿದ್ದೀರಾ ನೋಡಿ. ಕೆಲವು ಸರ್ವರ್‌ಗಳಲ್ಲಿ ಇನ್ನೂ ಹಳೆಯ ಕರಡು ಆವೃತ್ತಿ ಇರಬಹುದು. ಸರ್ವರ್ ಮೊದಲು ಕಳಿಸುವ ಗ್ರೀಟಿಂಗ್‌ನಲ್ಲಿ ಏನುಂಟೋ ಅದನ್ನೇ ಬಳಸಿ.

ಅಲೆವೂರು_ಕೋಡ್:
ಹಾಗಾದರೆ ಸಿಎಸ್‌ವಿ ಎಂತಕ್ಕೆ ಸರ್? ಬಿಸಾಡುವುದಾ?

ಬಂದರು_ಬಾವಿ:
ಬೇಡ ಬೇಡ. ಮುಂದೆ ಬರುವ ದರ ಅದರಲ್ಲೇ ಗೊತ್ತಾಗುವುದು. ಫೀ ಚೆಕ್ ಸಾಮಾನ್ಯವಾಗಿ ಈ ಕ್ಷಣದ ದರ ಹೇಳುತ್ತದೆ. ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆ ಐಕ್ಯಾನ್, ರಿಜಿಸ್ಟ್ರಿಗಳ ಜೊತೆ ಮಾಡಿಕೊಳ್ಳುವ ಮಾದರಿ ಒಪ್ಪಂದದ ಪ್ರಕಾರ ಹೊಸ ನೋಂದಣಿಯ ದರ ಏರಿಸುವ ಮೊದಲು ರಿಜಿಸ್ಟ್ರಿ 30 ದಿನ, ನವೀಕರಣದ ದರಕ್ಕೆ 180 ದಿನ ಮುಂಚೆ ರಿಜಿಸ್ಟ್ರಾರ್‌ಗೆ ತಿಳಿಸಬೇಕು. ಆದರೆ ಹೇಗೆ ತಿಳಿಸಬೇಕು ಎಂಬುದಕ್ಕೆ ಒಂದೇ ಅಚ್ಚು ಇಲ್ಲ. ಒಬ್ಬರದು ಮೇಲ್, ಇನ್ನೊಬ್ಬರದು ಪಿಡಿಎಫ್, ಮತ್ತೊಬ್ಬರದು ಪೋರ್ಟಲ್‌ನಲ್ಲಿ ಎಕ್ಸೆಲ್. ನನಗೆ ಕೋಪ ಬರುವುದು ಇಲ್ಲೇ. ನಮ್ಮಲ್ಲಿ ಒಮ್ಮೆ ಇಂಥ ಮೇಲ್, ಕೆಲಸ ಬಿಟ್ಟು ಹೋದವರ ಇನ್‌ಬಾಕ್ಸ್‌ಗೆ ಬಂದು ಕೂತಿತ್ತು. ಹಳೇ ದರಕ್ಕೆ ನವೀಕರಿಸಿ ಕೈಯಿಂದ ಹಾಕಿದೆವು.

ಹಳೇ ದರವನ್ನು ಅಳಿಸಿ ಹೊಸದು ಬರೆಯಬೇಡಿ. ‘ಯಾವ ದಿನದಿಂದ’ ಎಂದು ಒಂದು ಕಾಲಂ ಇಟ್ಟು ಹೊಸ ಸಾಲು ಸೇರಿಸಿ. ಡಾಟ್ ಕಾಮ್ ಸಗಟು ದರ 2023ರ ಸೆಪ್ಟೆಂಬರ್ 1ಕ್ಕೆ 9.59 ಡಾಲರ್ ಆಯಿತು, 2024ರ ಸೆಪ್ಟೆಂಬರ್ 1ಕ್ಕೆ 10.26. ಎರಡೂ ಸಾಲು ಇದ್ದರೆ ಹಳೇ ಬಿಲ್‌ನ ಲೆಕ್ಕ ತಾಳೆಯಾಗುತ್ತದೆ. ಮೇಲ್‌ನಲ್ಲಿ ಯುಟಿಸಿ ಮಧ್ಯರಾತ್ರಿ ಎಂದಿದ್ದರೆ ನಮಗದು ಬೆಳಿಗ್ಗೆ 5.30.

ಕದ್ರಿ_ಗುಡ್ಡೆ:
ಪ್ರೀಮಿಯಂ ಆದರೆ ರಿನ್ಯೂ ದರವನ್ನೂ ಗಿರಾಕಿಗೆ ಮೊದಲೇ ತೋರಿಸಿ. ಕೆಲವದಕ್ಕೆ ವರ್ಷವರ್ಷವೂ ಜಾಸ್ತಿಯೇ.

ಅಲೆವೂರು_ಕೋಡ್:
ಆಯಿತು! ಲಾಗಿನ್‌ನಲ್ಲಿ ಫೀ 1.0 ಇತ್ತು, ಚೆಕ್‌ನಲ್ಲಿ ನಾನೇ ಕೇಳಿರಲಿಲ್ಲ. ಈಗ ಕ್ಲಾಸ್ ‘ಪ್ರೀಮಿಯಂ’ ಎಂದು ಬರುತ್ತಿದೆ, ರಿನ್ಯೂ ದರವೂ ಅಷ್ಟೇ. ಅಂಗಡಿಯವರಿಗೆ ಫೋನ್ ಮಾಡಿ ಮೊತ್ತ ಹೇಳಿದೆ. ಒಂದು ನಿಮಿಷ ಮಾತೇ ಇಲ್ಲ. ಆಮೇಲೆ ಹೆಸರಿನ ಹಿಂದೆ ‘ಉಡುಪಿ’ ಸೇರಿಸಿ ಡಾಟ್ ಕಾಮನ್ನೇ ತೆಗೆದುಕೊಂಡರು. ಉಳಿದ ಹಣ ವಾಪಸ್ ಕಳಿಸಿದೆ.