ಫೆರಿಕ್ ಕ್ಲೋರೈಡ್ ಸೋರಿ ಬಂಡ್‌ನಲ್ಲಿ ನಿಂತಿದೆ, ಪಕ್ಕದಲ್ಲೇ ಹೈಪೋ ಟ್ಯಾಂಕ್: ತೆಗೆಯುವ ಕ್ರಮ ಹೇಗೆ?

ಶಿಫ್ಟ್_ಆಪರೇಟರ್:
ಘಟಕ 10 ಎಂಎಲ್‌ಡಿ (ದಿನಕ್ಕೆ ಒಂದು ಕೋಟಿ ಲೀಟರ್), ಮನೆಬಳಕೆಯ ಕೊಳಚೆನೀರು. ರಂಜಕ ತೆಗೆಯಲು 40% ಫೆರಿಕ್ ಕ್ಲೋರೈಡ್ ಹಾಕುತ್ತೇವೆ. ಡೋಸಿಂಗ್ ಪಂಪ್‌ನ ಡಿಸ್ಚಾರ್ಜ್ ಕಡೆಯ ಪಿವಿಸಿ ಯೂನಿಯನ್ (ಪೈಪ್ ಜೋಡಣೆ) ಬಿಟ್ಟುಕೊಂಡು ಅಂದಾಜು 300 ಲೀಟರ್ ಟ್ಯಾಂಕ್ ಸುತ್ತಲಿನ ಬಂಡ್‌ಗೆ (ಸೋರಿದ್ದನ್ನು ತಡೆಯುವ ಕಟ್ಟೆಗೆ) ಇಳಿದಿದೆ. ಪಂಪ್ ನಿಲ್ಲಿಸಿದ್ದೇವೆ, ಟ್ಯಾಂಕ್ ವಾಲ್ವ್ ಮುಚ್ಚಿದ್ದೇವೆ. ಆದರೆ ಬಂಡ್ ಗೋಡೆಯ ಬಿರುಕಿನಿಂದ ಜಿನುಗಿ ನೆಲದ ಚರಂಡಿಗೆ ಹೋಗುತ್ತಿದೆ. ಆ ಚರಂಡಿ ವೆಟ್ ವೆಲ್‌ಗೆ (ಒಳಬರುವ ಕೊಳಚೆನೀರು ಸೇರಿ ಪಂಪ್ ಆಗುವ ಬಾವಿಗೆ) ಸೇರುತ್ತದೆ. ಮೂರು ಮೀಟರ್ ಆಚೆ 12% ಹೈಪೋ (ಸೋಂಕು ನಿವಾರಿಸುವ ಸೋಡಿಯಂ ಹೈಪೋಕ್ಲೋರೈಟ್) ಟ್ಯಾಂಕ್ ಇದೆ. ಬಂಡ್ ಬೇರೆ, ಚರಂಡಿ ಮಾತ್ರ ಒಂದೇ. ನೀರು ಬಿಟ್ಟು ತೊಳೆಯಿರಿ ಎಂದು ಒಬ್ಬರು, ಸುಣ್ಣ ಸುರಿಯಿರಿ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಯಾವುದು ಸರಿ?

ಸುರಕ್ಷತೆ_ಮೊದಲು:
ಎರಡೂ ಈಗ ಬೇಡ. ಮೊದಲು ಆ ಚರಂಡಿಯ ಬಾಯಿ ಮುಚ್ಚಿ. ರಬ್ಬರ್ ಡ್ರೈನ್ ಮ್ಯಾಟ್ ಇಲ್ಲದಿದ್ದರೆ ದಪ್ಪ ಪಾಲಿಥೀನ್ ಹಾಳೆ ಹಾಸಿ ಮೇಲೆ ಮರಳಿನ ಚೀಲ ಇಡಿ. ಬಿರುಕಿನ ಹೊರಗಡೆಯೂ ಮರಳಿನ ಸಾಲು ಹಾಕಿ.

ಚರಂಡಿಗೆ ಇಷ್ಟು ಅವಸರ ಯಾಕೆಂದರೆ ಫೆರಿಕ್ ದ್ರಾವಣದ ಪಿಹೆಚ್ 2ಕ್ಕಿಂತ ಕೆಳಗಿರುತ್ತದೆ, ಅಂದರೆ ಅದು ತೀವ್ರ ಆಮ್ಲ. ಅದು ಹೈಪೋ ಜೊತೆ ಸೇರಿದ ಕ್ಷಣ ಕ್ಲೋರಿನ್ ಅನಿಲ ಹೊರಬರುತ್ತದೆ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ ಅನಿಲ, ಚರಂಡಿಯಲ್ಲಿ, ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ 10 ಪಿಪಿಎಂ (ಹತ್ತು ಲಕ್ಷದಲ್ಲಿ 10 ಭಾಗ) ತಲುಪಿದರೇ ಜೀವಕ್ಕೆ ಅಪಾಯದ ಮಟ್ಟ. ಹಾಗಾಗಿ ಹೈಪೋ ಡೋಸಿಂಗ್ ನಿಲ್ಲಿಸಿ, ಅದರ ಬಂಡ್‌ನ ಡ್ರೈನ್ ವಾಲ್ವ್ ಮುಚ್ಚಿದೆಯೇ ಎಂದು ಕೈಯಿಂದ ತಿರುಗಿಸಿ ನೋಡಿ. ಸಾಮಾನ್ಯ ನಾಲ್ಕು ಅನಿಲದ ಮೀಟರ್ ಕ್ಲೋರಿನ್ ತೋರಿಸುವುದಿಲ್ಲ, ಅದಕ್ಕೆ ಬೇರೆ ಸೆನ್ಸರ್ ಬೇಕು. ಇದನ್ನು ಬಹಳ ಮಂದಿ ಮರೆಯುತ್ತಾರೆ.

ನೀರಿನ ವಿಷಯ: ಹತ್ತು ಪಟ್ಟು ನೀರು ಸೇರಿಸಿದರೂ ಪಿಹೆಚ್ ಹೆಚ್ಚೆಂದರೆ ಒಂದು ಅಂಕ ಏರುತ್ತದೆ. ಈಗಿರುವ 300 ಲೀಟರ್ ಆಮ್ಲ ಆಗ 3,000 ಲೀಟರ್ ಆಮ್ಲವಾಗುತ್ತದೆ, ಬಿರುಕಿನಿಂದ ಇನ್ನೂ ಸಲೀಸಾಗಿ ಹೊರಗೆ ಹೋಗುತ್ತದೆ.

ಇಳಿಯುವವರಿಗೆ ಗಾಗಲ್ಸ್, ಅದರ ಮೇಲೆ ಫೇಸ್ ಶೀಲ್ಡ್, ನೈಟ್ರೈಲ್ ಅಥವಾ ನಿಯೋಪ್ರೀನ್ ಕೈಗವಸು, ಪಿವಿಸಿ ಏಪ್ರನ್, ಗಂಬೂಟ್. ಪ್ಯಾಂಟ್ ಬೂಟಿನ ಹೊರಗಿರಲಿ. ಒಳಗೆ ಸಿಕ್ಕಿಸಿದರೆ ಸಿಡಿದ ದ್ರಾವಣ ನೇರ ಪಾದಕ್ಕೆ ಇಳಿಯುತ್ತದೆ. ಕಣ್ಣು ತೊಳೆಯುವ ನಲ್ಲಿಯಲ್ಲಿ ನೀರು ಬರುತ್ತಿದೆಯೇ ಎಂದು ಮೊದಲೇ ಬಿಟ್ಟು ನೋಡಿ. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ತೊಳೆದು, ನಂತರ ಆಸ್ಪತ್ರೆ.

ಪ್ರೋಸೆಸ್_ಇಂಜಿನಿಯರ್:
ಮೇಲಿನದನ್ನೆಲ್ಲ ಒಪ್ಪುತ್ತೇನೆ. ಬಂಡ್‌ನಲ್ಲಿ ನಿಂತಿರುವುದನ್ನು ತ್ಯಾಜ್ಯ ಎಂದು ನೋಡಬೇಡಿ, ಅದು ನಿಮ್ಮದೇ ಡೋಸಿಂಗ್ ರಾಸಾಯನಿಕ. ಲೆಕ್ಕ ಹಾಕಿ. 40% ದ್ರಾವಣದ ಸಾಂದ್ರತೆ ಸುಮಾರು 1.42, ಅಂದರೆ ಲೀಟರಿಗೆ 0.57 ಕೆಜಿ ಫೆರಿಕ್ ಕ್ಲೋರೈಡ್; 300 ಲೀಟರಿಗೆ ಸುಮಾರು 170 ಕೆಜಿ. ಇದನ್ನು 24 ಗಂಟೆಯಲ್ಲಿ, ಗಂಟೆಗೆ 12.5 ಲೀಟರಿನಂತೆ, 10 ಎಂಎಲ್‌ಡಿ ಹರಿವಿಗೆ ಹಾಕಿದರೆ ಲೀಟರಿಗೆ 17 ಮಿ.ಗ್ರಾಂ ಡೋಸ್. ರಂಜಕಕ್ಕೆ ಕೊಡುವ ಮಾಮೂಲಿ ಡೋಸ್ ಸಾಮಾನ್ಯವಾಗಿ ಇದೇ ಆಸುಪಾಸಿನಲ್ಲಿರುತ್ತದೆ. 1 ಮಿ.ಗ್ರಾಂ ಫೆರಿಕ್ ಕ್ಲೋರೈಡ್ ಸುಮಾರು 0.92 ಮಿ.ಗ್ರಾಂ ಕ್ಷಾರತೆ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ತಿನ್ನುತ್ತದೆ. ಹೀಗೆ ಹೋಗುವುದು ಲೀಟರಿಗೆ 16 ಮಿ.ಗ್ರಾಂ ಅಷ್ಟೆ. ಟ್ಯಾಂಕಿನಿಂದ ಹೋಗುವ ಡೋಸ್ ನಿಲ್ಲಿಸಿ ಇದನ್ನು ಬಳಸಿ, ಇದರ ಮೇಲೆ ಅದೂ ಬೇಡ.

ಎಲ್ಲವನ್ನೂ ಅಲ್ಲೇ ಸುಣ್ಣ ಹಾಕಿ ತಟಸ್ಥ ಮಾಡಿದರೆ ಸುಮಾರು 115 ಕೆಜಿ ಸುಟ್ಟು ಅರಳಿಸಿದ ಸುಣ್ಣ ಬೇಕು, ಒಣ ತೂಕದಲ್ಲಿ 110 ಕೆಜಿಗೂ ಹೆಚ್ಚು ಕಬ್ಬಿಣದ ಹೈಡ್ರಾಕ್ಸೈಡ್ ಬರುತ್ತದೆ. ಅದು 5% ಘನಾಂಶದ ಕೆಸರಾಗಿ ಎರಡು ಟನ್ ದಾಟುತ್ತದೆ. ಬಂಡ್‌ನಿಂದ ಅದನ್ನು ಬಾಚುವ ಕೆಲಸ ಸೋರಿಕೆಗಿಂತ ದೊಡ್ಡದು.

ಎತ್ತಲು ಗಾಳಿಯಿಂದ ನಡೆಯುವ ಡಬಲ್ ಡಯಾಫ್ರಂ ಪಂಪ್ ಬಳಸಿ; ಬಾಡಿ ಪಾಲಿಪ್ರೊಪಿಲೀನ್, ಡಯಾಫ್ರಂ ಪಿಟಿಎಫ್ಇ. ಬೀಡುಕಬ್ಬಿಣದ ಸಬ್‌ಮರ್ಸಿಬಲ್ ಪಂಪ್ ಇಳಿಸಲೇಬೇಡಿ. ಫೆರಿಕ್ ಕಬ್ಬಿಣ, ಹಿತ್ತಾಳೆ, ತಾಮ್ರ ಎಲ್ಲವನ್ನೂ ತಿನ್ನುತ್ತದೆ, 316 ಸ್ಟೇನ್‌ಲೆಸ್‌ನಲ್ಲೂ ಗುಂಡಿ ಕೊರೆಯುತ್ತದೆ. ಅಲ್ಯೂಮಿನಿಯಂ ಮೊಗೆ, ಸತುಲೇಪಿತ ಬಕೆಟ್ ಬಳಸಿದರೆ ಹೈಡ್ರೋಜನ್ ಬರುತ್ತದೆ. ತುಂಬಿಸಲು ಎಚ್‌ಡಿಪಿಇ ಡ್ರಮ್. 200 ಲೀಟರಿನ ತುಂಬಿದ ಡ್ರಮ್ 280 ಕೆಜಿ ದಾಟುತ್ತದೆ, ಟ್ರಾಲಿಯ ಸಾಮರ್ಥ್ಯ ನೋಡಿಕೊಳ್ಳಿ. ತುಂಬಿಸುವಾಗ ಪಾಲಿಪ್ರೊಪಿಲೀನ್ ಫಿಲ್ಟರ್ ಬ್ಯಾಗ್ ಮೂಲಕ ಸೋಸಿ. ಮರಳಿನ ಕಣ ಒಂದು ಹೋದರೂ ಡೋಸಿಂಗ್ ಪಂಪ್‌ನ ಚೆಕ್ ವಾಲ್ವ್ ಕೂರುವುದಿಲ್ಲ. ಹೈಡ್ರೋಮೀಟರ್ ಬಿಟ್ಟು ಸಾಂದ್ರತೆ ನೋಡಿ. ಮಳೆನೀರು ಸೇರಿ 1.42ಕ್ಕಿಂತ ಇಳಿದಿದ್ದರೆ ಪಂಪ್ ಸ್ಟ್ರೋಕ್ ಅದಕ್ಕೆ ತಕ್ಕಂತೆ ಏರಿಸಬೇಕು. ಹೈಪೋ ಅಥವಾ ಎಣ್ಣೆ ಸೇರಿದ ಅನುಮಾನ ಇದ್ದರೆ ಮರುಬಳಕೆ ಬೇಡ.

ಪಂಪ್‌ಗೆ ಸಿಗದ ಕೊನೆಯ ಪದರಕ್ಕೆ ಮಾತ್ರ ಸೋಡಾ ಆ್ಯಶ್ (ಸೋಡಿಯಂ ಕಾರ್ಬೊನೇಟ್). ಲೀಟರಿಗೆ ಸುಮಾರು 0.56 ಕೆಜಿ, ಸ್ವತಂತ್ರ ಆಮ್ಲಕ್ಕೆ ಇನ್ನು ಸ್ವಲ್ಪ. ಅಂಚಿನಿಂದ ಒಳಕ್ಕೆ, ಹಿಡಿ ಹಿಡಿಯಾಗಿ ಉದುರಿಸಿ. ಒಮ್ಮೆಲೇ ಸುರಿದರೆ ಕಾರ್ಬನ್ ಡೈಆಕ್ಸೈಡ್ ನೊರೆಯೆದ್ದು ಆಮ್ಲ ಹೊರಗೆ ಚೆಲ್ಲುತ್ತದೆ. ಕಾಸ್ಟಿಕ್ ಸೋಡಾ ಬೇಡ, ಬಿಸಿಯಾಗಿ ಸಿಡಿಯುತ್ತದೆ. ನೊರೆ ನಿಂತು ಪಿಹೆಚ್ ಕಾಗದ 7ರಿಂದ 8 ತೋರಿಸಿದ ಮೇಲೆ ಪ್ಲಾಸ್ಟಿಕ್ ಸಲಿಕೆಯಿಂದ ಬಾಚಿ ತೆಗೆಯಿರಿ. ನೀರು ಹಾಕಿ ತೊಳೆಯುವುದು ಆಮೇಲೆ.

ಶಿಫ್ಟ್_ಆಪರೇಟರ್:
ಚರಂಡಿ ಮುಚ್ಚಿದ್ದೇವೆ. ಅಷ್ಟರಲ್ಲಿ ಸುಮಾರು 20 ಲೀಟರ್ ಹೋಗಿರಬಹುದು. ವೆಟ್ ವೆಲ್ ಬಳಿ ಕೊಳೆತ ಮೊಟ್ಟೆಯ ವಾಸನೆ ಮಾಮೂಲಿಗಿಂತ ಜೋರಾಗಿದೆ. ಒಬ್ಬರು ಇಳಿದು ನೋಡಲೇ ಎನ್ನುತ್ತಿದ್ದಾರೆ.

ಸುರಕ್ಷತೆ_ಮೊದಲು:
ಯಾರೂ ಇಳಿಯಬಾರದು. ಎಲ್ಲರನ್ನೂ ಗಾಳಿ ಬೀಸಿ ಬರುವ ದಿಕ್ಕಿಗೆ ಸರಿಸಿ. ತಳದ ಕಪ್ಪು ಕೆಸರಿನಲ್ಲಿರುವ ಕಬ್ಬಿಣದ ಸಲ್ಫೈಡ್ ಆಮ್ಲಕ್ಕೆ ಸಿಕ್ಕು ಹೈಡ್ರೋಜನ್ ಸಲ್ಫೈಡ್ ಬಿಡುತ್ತಿದೆ. ಪಿಹೆಚ್ 7ರಲ್ಲಿ ಕರಗಿದ ಸಲ್ಫೈಡಿನ ಅರ್ಧದಷ್ಟು ಅನಿಲ ರೂಪದಲ್ಲಿದ್ದರೆ, 5ಕ್ಕೆ ಇಳಿದಾಗ ಹೆಚ್ಚುಕಡಿಮೆ ಪೂರ್ತಿ ಹಾಗಾಗುತ್ತದೆ. 100 ಪಿಪಿಎಂ ಸುತ್ತ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ, ಆದ್ದರಿಂದ ವಾಸನೆ ಕಡಿಮೆಯಾಯಿತು ಎಂದು ಹತ್ತಿರ ಹೋಗಬೇಡಿ. ನಾಲ್ಕು ಅನಿಲದ ಮೀಟರನ್ನು ಹಗ್ಗದಲ್ಲಿ ಇಳಿಸಿ ಮೇಲೆ, ನಡುವೆ, ತಳದಲ್ಲಿ ಓದಿ.

ಪ್ರೋಸೆಸ್_ಇಂಜಿನಿಯರ್:
20 ಲೀಟರ್ ಎಂದರೆ 11 ಕೆಜಿ. ಒಳಹರಿವಿನ ಪಂಪ್‌ಗಳು ನಡೆಯುತ್ತಿರಲಿ. ನಿಮ್ಮ ಹರಿವು ಸರಾಸರಿ ನಿಮಿಷಕ್ಕೆ 7 ಘನ ಮೀಟರ್ ಇದೆ. ಕೊಳಚೆನೀರಿನ ಕ್ಷಾರತೆಯೇ ಅದನ್ನು ತಟಸ್ಥಗೊಳಿಸುತ್ತದೆ. ಅಪಾಯ ಇರುವುದು ಹರಿವು ನಿಂತಾಗ. ಏರೇಷನ್ ಟ್ಯಾಂಕ್ ಒಳಬಾಯಿಯಲ್ಲಿ ಅರ್ಧ ಗಂಟೆಗೊಮ್ಮೆ ಪಿಹೆಚ್ ನೋಡಿ, 6.5ಕ್ಕಿಂತ ಇಳಿದರೆ ನೈಟ್ರಿಫಿಕೇಷನ್ ಮಾಡುವ (ಅಮೋನಿಯಾವನ್ನು ನೈಟ್ರೇಟ್ ಆಗಿಸುವ) ಬ್ಯಾಕ್ಟೀರಿಯಾಗಳು ಸೊರಗುತ್ತವೆ. ಕೊನೆಯಲ್ಲಿ ಯುವಿ ದೀಪದ ಸೋಂಕುನಿವಾರಣೆ ಇದ್ದರೆ ದೀಪದ ಸ್ಲೀವ್‌ಗಳ ಮೇಲೆ ಕಬ್ಬಿಣ ಕೂರುತ್ತದೆ, ಮರುದಿನ ತೆಗೆದು ನೋಡಿ.

ಮೆಂಟೆನೆನ್ಸ್_ಬೆಂಚ್:
ಯೂನಿಯನ್ ಬದಲಿಸಿ ಸುಮ್ಮನಾಗಬೇಡಿ. ಡೋಸಿಂಗ್ ಪಂಪ್‌ನ ಬಡಿತಕ್ಕೆ ಆಧಾರವಿಲ್ಲದ ಪೈಪ್ ಅಲುಗಾಡಿ ಯೂನಿಯನ್ ತಾನಾಗಿ ಸಡಿಲವಾಗುತ್ತದೆ. ಆಮೇಲೆ ರೆಂಚ್ ಹಾಕಿ ಬಿಗಿದರೆ ಪಿವಿಸಿ ಬಿರಿಯುತ್ತದೆ. ಪಂಪ್ ಪಕ್ಕ ಪಲ್ಸೇಷನ್ ಡ್ಯಾಂಪನರ್ (ಬಡಿತ ತಗ್ಗಿಸುವ ಸಾಧನ), ಯೂನಿಯನ್ನಿನ ಎರಡೂ ಬದಿಗೆ ಕ್ಲ್ಯಾಂಪ್, ಟ್ಯಾಂಕಿಗೆ ಮರಳುವ ರಿಲೀಫ್ ಲೈನ್ ಇದೆಯೇ ನೋಡಿ. ಇಂಜೆಕ್ಷನ್ ಕ್ವಿಲ್‌ನ (ರಾಸಾಯನಿಕವನ್ನು ಹರಿವಿಗೆ ಬಿಡುವ ಕೊಳವೆಯ) ಬಾಯಿ ಹೈಡ್ರಾಕ್ಸೈಡ್‌ನಿಂದ ಕಟ್ಟಿಕೊಂಡು ಒತ್ತಡ ಏರಿರುವ ಸಾಧ್ಯತೆಯೇ ಹೆಚ್ಚು, ಅದನ್ನು ಮೊದಲು ಬಿಚ್ಚಿ.

ಬಂಡ್ ಬಿರುಕಿಗೆ ಬರೀ ಸಿಮೆಂಟ್ ಮೆತ್ತಿದರೆ ಮುಂದಿನ ಸೋರಿಕೆಯಲ್ಲಿ ಆಮ್ಲ ಅದನ್ನೇ ತಿನ್ನುತ್ತದೆ. ವಿ ಆಕಾರದಲ್ಲಿ ಕೆತ್ತಿ, ಕಾಂಕ್ರೀಟಿನ ಮೇಲ್ಮೈ ಪಿಹೆಚ್ ಮತ್ತೆ 7 ದಾಟುವವರೆಗೆ ತೊಳೆದು, ಪೂರ್ತಿ ಒಣಗಿಸಿ, ವಿನೈಲ್ ಎಸ್ಟರ್ ಅಥವಾ ನೋವೊಲ್ಯಾಕ್ ಎಪಾಕ್ಸಿ ತುಂಬಿ, ನೆಲ ಗೋಡೆ ಎರಡಕ್ಕೂ ಅದರದೇ ಲೇಪ ಕೊಡಿ. ಲೇಪ ಗಟ್ಟಿಯಾದ ಮೇಲೆ ಬಂಡ್‌ಗೆ ನೀರು ತುಂಬಿ 24 ಗಂಟೆ ಬಿಟ್ಟು ಮಟ್ಟ ಗುರುತಿಸಿ. ಹೈಪೋ ಕಡೆಯ ಚರಂಡಿಯನ್ನು ಆ ಬಿಡುವಿನಲ್ಲೇ ಬೇರ್ಪಡಿಸಿಬಿಡಿ.