ಒಂದೇ ವೈಫೈನಲ್ಲಿರುವ ಎರಡು ಕಂಪ್ಯೂಟರ್ ಒಂದಕ್ಕೊಂದು ಕಾಣುತ್ತಿಲ್ಲ, ಪಿಂಗ್ ಒಂದೇ ಕಡೆಗೆ ಹೋಗ್ತಿದೆ

ನೀಲಿಕೇಬಲ್:
ಮೂರು ದಿನದಿಂದ ಇದರ ಹಿಂದೆ ಬಿದ್ದು ಸಾಕಾಗಿದೆ. ಒಂದು ಡೆಸ್ಕ್‌ಟಾಪ್, ಒಂದು ಲ್ಯಾಪ್‌ಟಾಪ್, ಎರಡರಲ್ಲೂ ವಿಂಡೋಸ್ 11. ಎರಡೂ ಒಂದೇ ವೈಫೈನಲ್ಲಿವೆ, ಇಂಟರ್ನೆಟ್ ಚೆನ್ನಾಗಿಯೇ ಬರ್ತಿದೆ. ಎಕ್ಸ್‌ಪ್ಲೋರರ್‌ನಲ್ಲಿ ನೆಟ್‌ವರ್ಕ್ ತೆರೆದರೆ ಮಾತ್ರ ಎರಡರಲ್ಲೂ ತನ್ನ ಹೆಸರೊಂದೇ. ವರ್ಕ್‌ಗ್ರೂಪ್ (ಕಂಪ್ಯೂಟರ್‌ಗಳ ಗುಂಪು) ಹೆಸರು ಒಂದೇ ಇದೆ, ಡಿಸ್ಕವರಿ (ಯಂತ್ರಗಳು ಒಂದಕ್ಕೊಂದು ಕಾಣಿಸುವ ಸೆಟ್ಟಿಂಗ್) ಆನ್ ಇದೆ, ಫೈರ್‌ವಾಲ್ ಆಫ್ ಮಾಡಿಯೂ ನೋಡಾಯ್ತು. ಲ್ಯಾಪ್‌ಟಾಪ್‌ನಿಂದ ಡೆಸ್ಕ್‌ಟಾಪ್‌ಗೆ ಪಿಂಗ್ (ಇನ್ನೊಂದು ಯಂತ್ರ ಉತ್ತರಿಸುತ್ತದೆಯೇ ಅಂತ ನೋಡುವ ಪರೀಕ್ಷೆ) ಹೋಗುತ್ತೆ, ಆ ಕಡೆಯಿಂದ ಈ ಕಡೆಗೆ ಹೋಗಲ್ಲ. ನಿನ್ನೆ ರಾತ್ರಿ ಹತ್ತು ನಿಮಿಷ ಎರಡೂ ಕಾಣಿಸಿಕೊಂಡವು, ಆಮೇಲೆ ಮತ್ತೆ ಮಾಯ. ಯಾರಾದರೂ ದಾರಿ ತೋರಿಸಿ.

ಹಳೇಬೇರು:
ಎಸ್‌ಎಂಬಿ 1 (ವಿಂಡೋಸ್‌ನ ಫೈಲ್ ಹಂಚಿಕೆ ವಿಧಾನದ ಹಳೆಯ ಆವೃತ್ತಿ) ಇಲ್ಲ, ಅದೇ ಕಾರಣ. ವಿಂಡೋಸ್ 10ರ 1709 ಆವೃತ್ತಿಯಿಂದೀಚೆಗೆ ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಅದು ಬರುವುದಿಲ್ಲ. ಕಂಟ್ರೋಲ್ ಪ್ಯಾನೆಲ್, ಪ್ರೋಗ್ರಾಮ್ಸ್, ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್‌ಗೆ ಹೋಗಿ ಟಿಕ್ ಹಾಕಿ, ರೀಸ್ಟಾರ್ಟ್ ಮಾಡಿ. ಹತ್ತು ನಿಮಿಷ ಕಾಣಿಸಿ ಮಾಯವಾಗುವುದು ಹಳೆಯ ಬ್ರೌಸರ್ ಸರ್ವಿಸ್‌ನ (ನೆಟ್‌ವರ್ಕ್‌ನ ಯಂತ್ರಗಳ ಪಟ್ಟಿ ಇಡುವ ವಿಂಡೋಸ್ ಸೇವೆ, ವೆಬ್ ಬ್ರೌಸರ್ ಅಲ್ಲ) ಗುಣ. ಪ್ರತಿ ಯಂತ್ರ 12 ನಿಮಿಷಕ್ಕೊಮ್ಮೆ ತನ್ನ ಹೆಸರು ಕೂಗುತ್ತದೆ, ಪಟ್ಟಿ ಇಟ್ಟುಕೊಂಡ ಯಂತ್ರ ಆಫ್ ಆದರೆ ಎಲ್ಲವೂ ಗೊಂದಲ.

ಸಬ್‌ನೆಟ್24:
ಎಸ್‌ಎಂಬಿ 1 ದಯವಿಟ್ಟು ಹಾಕಬೇಡಿ. 2017ರ ಮೇನಲ್ಲಿ ವಾನಾಕ್ರೈ ಎಂಬ ಹಣ ಸುಲಿಯುವ ವೈರಸ್ ಹರಡಿದ್ದು ಅದರ ದೋಷದಿಂದಲೇ. ವಿಂಡೋಸ್ 11 ಹೆಸರು ಹುಡುಕುವುದು ಡಬ್ಲ್ಯೂಎಸ್-ಡಿಸ್ಕವರಿಯಿಂದ, ಅಂದರೆ ಯುಡಿಪಿ ಪೋರ್ಟ್ 3702, ಮಲ್ಟಿಕಾಸ್ಟ್ (ಒಂದೇ ಸಲಕ್ಕೆ ಹಲವು ಯಂತ್ರಗಳಿಗೆ ಕೂಗುವ) ವಿಳಾಸ 239.255.255.250. ಬ್ರೌಸರ್ ಸರ್ವಿಸ್‌ಗೂ ಇದಕ್ಕೂ ಸಂಬಂಧವಿಲ್ಲ.
ನೀಲಿಕೇಬಲ್ ಅವರೇ, ಮೊದಲು ಫೈರ್‌ವಾಲ್ ಮತ್ತೆ ಆನ್ ಮಾಡಿ. ಆಮೇಲೆ ಎರಡರಲ್ಲೂ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ (ipconfig) ಕೊಟ್ಟು ಐಪಿ (ಯಂತ್ರದ ವಿಳಾಸ), ಸಬ್‌ನೆಟ್ ಮಾಸ್ಕ್ (ವಿಳಾಸದ ಎಷ್ಟು ಭಾಗ ನೆಟ್‌ವರ್ಕ್‌ನದು ಎಂದು ಹೇಳುವುದು), ಡಿಫಾಲ್ಟ್ ಗೇಟ್‌ವೇ (ಹೊರಗೆ ದಾರಿ ಕೊಡುವ ರೂಟರ್‌ನ ವಿಳಾಸ), ಈ ಮೂರನ್ನೂ ಇಲ್ಲಿ ಹಾಕಿ.

ಹಳೇಬೇರು:
ಮನೆಯೊಳಗಿನ ನೆಟ್‌ವರ್ಕ್‌ಗೆ ವಾನಾಕ್ರೈ ಎಲ್ಲಿಂದ ಬರುತ್ತೆ? ಎಸ್‌ಎಂಬಿ ಬಳಸುವ 445ನೇ ಪೋರ್ಟ್ ಹೊರಗಿನಿಂದ ತೆರೆದಿಲ್ಲವಲ್ಲ. ಟಿಕ್ ಹಾಕಿ ನೋಡುವುದಕ್ಕೆ ಐದು ನಿಮಿಷ ಸಾಕು.

ಸಬ್‌ನೆಟ್24:
ಒಂದು ಲ್ಯಾಪ್‌ಟಾಪ್ ಹೊರಗೆ ಸೋಂಕು ತಗಲಿಸಿಕೊಂಡು ಮನೆಗೆ ಬಂದರೆ ಒಳಗಿನದಕ್ಕೆಲ್ಲ ಅಂಟಿಸುತ್ತದೆ. ಅದಿರಲಿ, ಪಿಂಗ್ ಒಂದೇ ಕಡೆ ಹೋಗುತ್ತಿದೆ ಎಂದಿದ್ದಾರೆ. ಎಸ್‌ಎಂಬಿಯ ಯಾವ ಆವೃತ್ತಿಗೂ ಪಿಂಗ್‌ಗೂ ನಂಟಿಲ್ಲ.

ನೀಲಿಕೇಬಲ್:
ಎಸ್‌ಎಂಬಿ 1 ಹಾಕಿ ನೋಡಿದೆ, ಏನೂ ಬದಲಾಗಲಿಲ್ಲ. ಡೆಸ್ಕ್‌ಟಾಪ್ ಐಪಿ 192.168.1.20, ಲ್ಯಾಪ್‌ಟಾಪ್ 192.168.0.34. ಎರಡರಲ್ಲೂ ಮಾಸ್ಕ್ 255.255.255.0.

ಹಳೇಬೇರು:
ಹಾಕಿದ ಮೇಲೆ ಎರಡೂ ಯಂತ್ರ ರೀಸ್ಟಾರ್ಟ್ ಮಾಡಿದಿರಾ? ಸರ್ವರ್, ಕ್ಲೈಂಟ್ ಎರಡಕ್ಕೂ ಟಿಕ್ ಇರಬೇಕು.

ಸಬ್‌ನೆಟ್24:
ಹಳೇಬೇರು ಅವರೇ, ಐಪಿಗಳಲ್ಲಿ ಎರಡನೇ ಚುಕ್ಕಿಯ ನಂತರದ ಅಂಕಿ ನೋಡಿ. ಒಂದು 1, ಇನ್ನೊಂದು 0. 255.255.255.0 ಮಾಸ್ಕ್ ಇದ್ದಾಗ ಇವು ಬೇರೆ ಬೇರೆ ಸಬ್‌ನೆಟ್, ಅಂದರೆ ಬೇರೆ ಬೇರೆ ಒಳಜಾಲ.
ನೀಲಿಕೇಬಲ್ ಅವರೇ, ಮನೆಯಲ್ಲಿ ಎರಡನೇ ರೂಟರ್ ಇದೆಯೇ?

ನೀಲಿಕೇಬಲ್:
ಇದೆ. ಮಹಡಿಗೆ ಸಿಗ್ನಲ್ ಬರುತ್ತಿರಲಿಲ್ಲ ಅಂತ ಅಲ್ಲೊಂದು ಹಾಕಿದ್ದು. ಕೆಳಗಿನ ರೂಟರ್‌ನಿಂದ ಕೇಬಲ್ ಎಳೆದಿದೆ. ಎರಡಕ್ಕೂ ಹೆಸರು, ಪಾಸ್‌ವರ್ಡ್ ಒಂದೇ ಕೊಟ್ಟಿದ್ದರಿಂದ ಒಂದೇ ವೈಫೈ ಅಂತ ಬರೆದೆ.

ಸಬ್‌ನೆಟ್24:
ಗಂಟು ಇರುವುದು ಅಲ್ಲೇ. ಆ ಕೇಬಲ್ ಮೇಲಿನ ರೂಟರ್‌ನ ವ್ಯಾನ್ (ಇಂಟರ್ನೆಟ್ ಕಡೆಯ) ಪೋರ್ಟ್‌ಗೆ ಹೋಗಿದೆ. ಹಾಗಾಗಿ ಅದು ತನ್ನದೇ ಡಿಎಚ್‌ಸಿಪಿ (ಯಂತ್ರಗಳಿಗೆ ತಾನಾಗಿ ಐಪಿ ಹಂಚುವ ಸೇವೆ) ನಡೆಸುತ್ತಾ 192.168.0 ಅಂಕಿಗಳನ್ನು ಹಂಚುತ್ತಿದೆ, ಹೊರಗೆ ಹೋಗುವ ಪ್ಯಾಕೆಟ್‌ಗಳಿಗೆ ನ್ಯಾಟ್ ಮಾಡುತ್ತಿದೆ, ಅಂದರೆ ಕಳಿಸಿದವರ ವಿಳಾಸದ ಜಾಗದಲ್ಲಿ ತನ್ನದನ್ನು ಹಾಕುತ್ತಿದೆ. ಲ್ಯಾಪ್‌ಟಾಪ್ ಕಳಿಸಿದ ಪಿಂಗ್ ಡೆಸ್ಕ್‌ಟಾಪ್ ತಲುಪುವಾಗ ಮೇಲಿನ ರೂಟರ್‌ನ 192.168.1 ವಿಳಾಸದಿಂದ ಬಂದಂತೆ ಕಾಣುತ್ತದೆ, ಆದ್ದರಿಂದ ಉತ್ತರ ಸಿಗುತ್ತದೆ. ತಿರುಗಿ ಬರುವಾಗ 192.168.0.34 ಎಲ್ಲಿದೆ ಅಂತ ಕೆಳಗಿನ ರೂಟರ್‌ಗೆ ಗೊತ್ತೇ ಇಲ್ಲ, ಹೊರಗೆ ತಳ್ಳಿಬಿಡುತ್ತದೆ. ಡಿಸ್ಕವರಿಯ ಮಲ್ಟಿಕಾಸ್ಟ್ ಅಂತೂ ರೂಟರ್ ದಾಟುವುದೇ ಇಲ್ಲ. ನಿನ್ನೆ ಹತ್ತು ನಿಮಿಷ ಕಂಡಾಗ ಲ್ಯಾಪ್‌ಟಾಪ್ ಕೆಳಗಿತ್ತು ಅಲ್ಲವೇ?

ನೀಲಿಕೇಬಲ್:
ಹೌದು! ಚಾರ್ಜ್ ಹಾಕಲು ಕೆಳಗೆ ತಂದಿದ್ದೆ. ಈಗ ಆ ಕೇಬಲ್ ಕಿತ್ತು ಲ್ಯಾನ್ (ಮನೆಯ ಯಂತ್ರಗಳ ಕಡೆಯ) ಪೋರ್ಟ್‌ಗೆ ಹಾಕಿದರೆ ಸಾಕೇ?

ಸಬ್‌ನೆಟ್24:
ಈಗಲೇ ಬೇಡ. ಹಾಗೆ ಮಾಡಿದರೆ ಒಂದೇ ನೆಟ್‌ವರ್ಕ್‌ನಲ್ಲಿ ಎರಡು ಡಿಎಚ್‌ಸಿಪಿ ಆಗಿ, ಯಾವುದು ಮೊದಲು ಉತ್ತರಿಸಿತೋ ಅದರ ವಿಳಾಸ ಸಿಗುತ್ತದೆ. ಆಗ ಕೆಳಗಿನ ಯಂತ್ರಗಳೂ ಕೆಡುತ್ತವೆ.
ಮೇಲಿನ ರೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ರೂಟರ್ ಕೆಲಸ ಬಿಟ್ಟು ಬರೀ ವೈಫೈ ಕೊಡುವ ಸ್ಥಿತಿ) ಇದ್ದರೆ ಅದನ್ನೇ ಆರಿಸಿ, ಉಳಿದದ್ದು ಅದೇ ನೋಡಿಕೊಳ್ಳುತ್ತದೆ. ಇಲ್ಲದಿದ್ದರೆ ಹೀಗೆ:
1. ವ್ಯಾನ್ ಪೋರ್ಟ್‌ನ ಕೇಬಲ್ ಕೀಳಿ. ಇದನ್ನು ಬಿಟ್ಟರೆ ಮುಂದಿನ ಹೆಜ್ಜೆಯಲ್ಲಿ ವ್ಯಾನ್, ಲ್ಯಾನ್ ಎರಡೂ ಒಂದೇ ಸಬ್‌ನೆಟ್ ಎಂದು ಅನೇಕ ರೂಟರ್‌ಗಳು ತಕರಾರು ಮಾಡುತ್ತವೆ.
2. ಲ್ಯಾಪ್‌ಟಾಪನ್ನು ಅದರ ಲ್ಯಾನ್ ಪೋರ್ಟ್‌ಗೆ ಕೇಬಲ್‌ನಲ್ಲಿ ಜೋಡಿಸಿ, ಡಿಫಾಲ್ಟ್ ಗೇಟ್‌ವೇಯಲ್ಲಿ ಕಾಣುವ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆಯಿರಿ. ಲ್ಯಾನ್ ಐಪಿಯನ್ನು 192.168.1.2 ಮಾಡಿ. ಕೆಳಗಿನ ರೂಟರ್ ಹಂಚುವ ಸಾಲಿನೊಳಗೆ ಆ ಅಂಕಿ ಬರಬಾರದು. ಅದು 2ರಿಂದಲೇ ಹಂಚುತ್ತಿದ್ದರೆ ಅಲ್ಲಿ ಆರಂಭವನ್ನು 10ಕ್ಕೆ ಏರಿಸಿ.
3. ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ, ಕೊನೆಗೆ ಡಿಎಚ್‌ಸಿಪಿ ಆಫ್ ಮಾಡಿ. ಆಮೇಲೆ ಏನಾದರೂ ತಿದ್ದಬೇಕಾದರೆ ಲ್ಯಾಪ್‌ಟಾಪ್‌ಗೆ ಕೈಯಾರೆ 192.168.1.250 ಕೊಟ್ಟು ಒಳಹೋಗಬಹುದು.
4. ಈಗ ಕೆಳಗಿನಿಂದ ಬಂದ ಕೇಬಲನ್ನು ಲ್ಯಾನ್ ಪೋರ್ಟ್‌ಗೆ ಹಾಕಿ. ವ್ಯಾನ್ ಖಾಲಿ ಇರಲಿ.
5. ಲ್ಯಾಪ್‌ಟಾಪನ್ನು ವೈಫೈಗೆ ಮತ್ತೆ ಸೇರಿಸಿ. ಐಪಿ 192.168.1ರಲ್ಲಿ ಬರಬೇಕು, ಗೇಟ್‌ವೇ ಕೆಳಗಿನ ರೂಟರ್‌ನದೇ ಆಗಿರಬೇಕು.
ಎಸ್‌ಎಂಬಿ 1ರ ಟಿಕ್ ತೆಗೆಯಿರಿ.

ಹಳೇಬೇರು:
ಸಬ್‌ನೆಟ್ ಮಾತು ಒಪ್ಪಿದೆ, ನಾನು ಗಮನಿಸಲಿಲ್ಲ. ಆದರೆ ಎರಡಕ್ಕೂ ಒಂದೇ ವೈಫೈ ಹೆಸರು ಇಡುವುದೇ ತಪ್ಪು. ಬೇರೆ ಹೆಸರು ಇದ್ದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಸಬ್‌ನೆಟ್24:
ಸಬ್‌ನೆಟ್ ಒಂದೇ ಆದ ಮೇಲೆ ಒಂದೇ ಹೆಸರೇ ಸರಿ. ಮಹಡಿ ಹತ್ತುವಾಗ ಲ್ಯಾಪ್‌ಟಾಪ್ ತಾನೇ ಬಲವಾದ ಸಿಗ್ನಲ್‌ಗೆ ಜಿಗಿಯಬಹುದು, ಐಪಿಯೂ ಬದಲಾಗುವುದಿಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 6 ಅಥವಾ 11 ಕೊಡಿ.

ಸಾಲುಸ್ವಿಚ್:
ಇದಕ್ಕೆಲ್ಲ ವಿಎಲ್ಯಾನ್ (ಒಂದೇ ನೆಟ್‌ವರ್ಕನ್ನು ಬೇರೆ ಬೇರೆ ಜಾಲಗಳಾಗಿ ಒಡೆಯುವ ವಿಧಾನ) ಮಾಡಿಕೊಳ್ಳಿ. ನಮ್ಮಲ್ಲಿ ನಾಲ್ಕು ವಿಎಲ್ಯಾನ್ ಇವೆ.

ಸಬ್‌ನೆಟ್24:
ಒಳ್ಳೆಯ ಸೆಟಪ್. ಆದರೆ ವಿಎಲ್ಯಾನ್ ಬೇರೆಯಾದರೆ ಡಿಸ್ಕವರಿ ಇನ್ನೂ ಕಾಣುವುದಿಲ್ಲ, ಇವರಿಗೆ ಬೇಕಾದ್ದು ಅದರ ಉಲ್ಟಾ.

ನೀಲಿಕೇಬಲ್:
ಹೇಳಿದ ಕ್ರಮದಲ್ಲೇ ಮಾಡಿದೆ. ಲ್ಯಾಪ್‌ಟಾಪ್ ಈಗ 192.168.1.35. ಅದರಿಂದ ಡೆಸ್ಕ್‌ಟಾಪ್ ಕಾಣುತ್ತಿದೆ! ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಲ್ಯಾಪ್‌ಟಾಪ್ ಇನ್ನೂ ಇಲ್ಲ, ಪಿಂಗ್‌ಗೂ ರಿಕ್ವೆಸ್ಟ್ ಟೈಮ್ಡ್ ಔಟ್.

ಸಬ್‌ನೆಟ್24:
ಡೆಸ್ಕ್‌ಟಾಪ್‌ನಲ್ಲಿ ಪಿಂಗ್ ಕೊಟ್ಟ ತಕ್ಷಣ ಎಆರ್‌ಪಿ -ಎ (arp -a) ಓಡಿಸಿ. ಯಾವ ಐಪಿ ಯಾವ ಯಂತ್ರದ್ದು ಎಂಬ ಪಟ್ಟಿ ಅದು. 192.168.1.35ರ ಎದುರು ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಗುರುತು ಸಂಖ್ಯೆ) ಬಂದಿದ್ದರೆ ದಾರಿ ಸರಿಯಿದೆ, ತಡೆಯುತ್ತಿರುವುದು ಲ್ಯಾಪ್‌ಟಾಪ್‌ನ ಫೈರ್‌ವಾಲ್. ಪಿಂಗ್ ತಡೆದರೂ ಎಆರ್‌ಪಿಗೆ ಉತ್ತರ ಬಂದೇ ಬರುತ್ತದೆ. ಲ್ಯಾಪ್‌ಟಾಪ್ ಇದನ್ನು ಹೊಸ ನೆಟ್‌ವರ್ಕ್ ಎಂದುಕೊಂಡು ಪಬ್ಲಿಕ್‌ಗೆ (ಬೇರೆ ಯಂತ್ರಗಳಿಂದ ಮರೆಯಾಗಿಡುವ ಸೆಟ್ಟಿಂಗ್) ಹಾಕಿರಬಹುದು. ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಆ ವೈಫೈನ ಪ್ರಾಪರ್ಟೀಸ್‌ನಲ್ಲಿ ಪ್ರೈವೇಟ್ ಮಾಡಿ. ಜೊತೆಗೆ ಸರ್ವಿಸಸ್‌ನಲ್ಲಿ ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್ ಓಡುತ್ತಿದೆಯೇ ನೋಡಿ. ತನ್ನ ಹೆಸರನ್ನು ಬೇರೆಯವರಿಗೆ ಸಾರುವುದು ಅದೇ. ನಿಂತಿದ್ದರೆ ಆಟೋಮ್ಯಾಟಿಕ್ ಮಾಡಿ, ಸ್ಟಾರ್ಟ್ ಕೊಡಿ.

ನೀಲಿಕೇಬಲ್:
ಪಬ್ಲಿಕ್ ಆಗಿತ್ತು, ಸರ್ವಿಸ್ ಕೂಡ ನಿಂತಿತ್ತು. ಈಗ ಎರಡೂ ಕಾಣುತ್ತಿವೆ. ಆದರೆ ಲ್ಯಾಪ್‌ಟಾಪ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಪಾಸ್‌ವರ್ಡ್ ಕೇಳುತ್ತೆ, ದಿನವೂ ಹಾಕುವ ನಾಲ್ಕು ಅಂಕಿ ಕೊಟ್ಟರೆ ತಪ್ಪು ಅನ್ನುತ್ತೆ.

ಹಳೇಬೇರು:
ಅದು ಪಿನ್. ಆ ಯಂತ್ರದ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕ್‌ನಲ್ಲಿ ನಡೆಯುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಪಾಸ್‌ವರ್ಡ್ ಇರುವ ಒಂದು ಲೋಕಲ್ ಅಕೌಂಟ್ ಮಾಡಿ, ಫೋಲ್ಡರ್‌ನ ಶೇರಿಂಗ್ ಮತ್ತು ಸೆಕ್ಯುರಿಟಿ ಎರಡೂ ಟ್ಯಾಬ್‌ನಲ್ಲಿ ಅದಕ್ಕೆ ಅನುಮತಿ ಕೊಡಿ. ಲಾಗಿನ್ ಕೇಳಿದಾಗ ಲ್ಯಾಪ್‌ಟಾಪ್‌ನ ಹೆಸರು, ಹಿಂದಕ್ಕೆ ವಾಲಿದ ಗೆರೆ (\), ಅಕೌಂಟ್ ಹೆಸರು, ಈ ಕ್ರಮದಲ್ಲಿ ಬರೆಯಿರಿ.

ನೀಲಿಕೇಬಲ್:
ಫೈಲ್ ತೆರೆಯಿತು! ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದೇ ಪ್ರಶ್ನೆ: ಮಹಡಿಯ ಪ್ರಿಂಟರ್ ನಿನ್ನೆವರೆಗೂ ಲ್ಯಾಪ್‌ಟಾಪ್‌ನಿಂದ ಪ್ರಿಂಟ್ ಆಗುತ್ತಿತ್ತು, ಈಗ ಆಫ್‌ಲೈನ್ ಅನ್ನುತ್ತಿದೆ.

ಸಬ್‌ನೆಟ್24:
ಅದಕ್ಕೆ ಹಿಂದೆ ಕೈಯಾರೆ 192.168.0ರ ವಿಳಾಸ ಕೊಟ್ಟಿರಬೇಕು, ಆ ಸಬ್‌ನೆಟ್ ಈಗ ಇಲ್ಲ. ಪ್ರಿಂಟರ್‌ನ ಮೆನುವಿನಲ್ಲಿ ಐಪಿಯನ್ನು ಆಟೋ ಮಾಡಿ, ಹೊಸ ವಿಳಾಸ ಬಂದ ಮೇಲೆ ಕೆಳಗಿನ ರೂಟರ್‌ನಲ್ಲಿ ಅದರ ಮ್ಯಾಕ್‌ಗೆ ಆ ಅಂಕಿಯನ್ನು ಕಾಯ್ದಿರಿಸಿ. ಲ್ಯಾಪ್‌ಟಾಪ್‌ನಲ್ಲಿ ಹಳೆಯ ಪ್ರಿಂಟರ್ ತೆಗೆದು ಹೊಸದಾಗಿ ಸೇರಿಸಿ. ಹಳೆಯ ಪೋರ್ಟ್ ಹಾಗೇ ಉಳಿದರೆ 192.168.0ಕ್ಕೇ ಕಳಿಸುತ್ತಿರುತ್ತದೆ.