ಆ ಹಳದಿ ದೀಪವನ್ನು ಆರಿಸಬೇಡ, ಮೊದಲು ಓದಿಸು

ಅಳಿಯ, ನೀನು ಕಳುಹಿಸಿದ ಫೋಟೋವನ್ನು ಬೆಳಿಗ್ಗೆಯೇ ನೋಡಿದೆ. ಆಗ ಕೈಯೆಲ್ಲ ಗ್ರೀಸ್, ಟೈಪು ಮಾಡಲು ಆಗಲಿಲ್ಲ. ಈಗ ಊಟಕ್ಕೆ ಮೊದಲು ಕೈ ತೊಳೆದು ಕುಳಿತಿದ್ದೇನೆ, ಬಾಯಲ್ಲೇ ಹೇಳಿಬಿಡುತ್ತೇನೆ. ಉದ್ದವಾಗುತ್ತದೆ, ಅರ್ಧಕ್ಕೆ ನಿಲ್ಲಿಸಬೇಡ. ಅಕ್ಕ, ಭಾವ, ನೀವೂ ಕೇಳಿ. ಶನಿವಾರ ಆ ಕಾರಿನಲ್ಲಿ ಕೂರುವವರು ನೀವೇ ಅಲ್ಲವೇ?

ನೀನು ಹೇಳಿದ್ದು ಇಷ್ಟು: ಮೊನ್ನೆಯದಲ್ಲ, ಅದರ ಹಿಂದಿನ ಭಾನುವಾರ ಹೊಸ ಸೈಲೆನ್ಸರನ್ನೂ ಅದರ ಮುಂದಿನ ಪೈಪನ್ನೂ ಹಾಕಿಸಿದೆ. ಎರಡು ದಿನ ಬಿಟ್ಟು ಡ್ಯಾಶ್‌ಬೋರ್ಡಿನ ಹಳದಿ ಎಂಜಿನ್ ದೀಪ ಹತ್ತಿತು. ಅಂಗಡಿಯ ಹುಡುಗ ಬ್ಯಾಟರಿಯ ವೈರು ಬಿಚ್ಚಿ ಹಾಕಿದಾಗ ಆರಿತು. ನಿನ್ನೆ ಮುಲ್ಕಿ ದಾಟುವಾಗ ಮತ್ತೆ ಹತ್ತಿತು. ಅಂಗಡಿಯವರು "ಇದೆಲ್ಲ ಮಾಮೂಲು, ಸೆನ್ಸರಿಗೆ ಒಂದು ಸ್ಪೇಸರ್ ಹಾಕಿಕೊಡುತ್ತೇವೆ" ಎನ್ನುತ್ತಿದ್ದಾರೆ. ಸ್ಪೇಸರ್ ಎಂದರೆ ಹೊಗೆಯನ್ನು ಅಳೆಯುವ ಸೆನ್ಸರನ್ನು ಪೈಪಿನಿಂದ ಸ್ವಲ್ಪ ಹೊರಗೆ ಕೂರಿಸುವ ಸಣ್ಣ ತುಂಡು. ಭಾವ "ಬ್ಯಾಟರಿಯನ್ನು ಇನ್ನೊಮ್ಮೆ ಬಿಚ್ಚಿ ನೋಡು" ಎಂದಿದ್ದಾರೆ. ನೀನು ಕೇಳುತ್ತಿರುವುದು, ಅಜ್ಜಿಯನ್ನು ಆಗುಂಬೆ ಮೇಲಿಂದ ಶೃಂಗೇರಿಗೆ ಕರೆದುಕೊಂಡು ಹೋಗಬಹುದೇ ಎಂದು. ಈಗ ಕಾರು ಇರುವ ಸ್ಥಿತಿಯಲ್ಲಿ ಬೇಡ. ಯಾಕೆಂದು ಹೇಳುತ್ತೇನೆ.

ಮೊದಲು ಒಂದು ವಿಷಯ ನೋಡಿ ಹೇಳು. ದೀಪ ಸುಮ್ಮನೆ ಉರಿಯುತ್ತಿದೆಯೋ, ಮಿಣುಕುತ್ತಿದೆಯೋ? ಫೋಟೋದಲ್ಲಿ ಅದು ಗೊತ್ತಾಗುವುದಿಲ್ಲ. ಸುಮ್ಮನೆ ಉರಿಯುತ್ತಿದ್ದರೆ, ಗಾಡಿ ಎಂದಿನಂತೆ ಎಳೆಯುತ್ತಿದ್ದರೆ, ನಿಧಾನವಾಗಿ ಉಡುಪಿಯ ನನ್ನ ಗ್ಯಾರೇಜಿನ ತನಕ ಓಡಿಸಿಕೊಂಡು ಬರಬಹುದು. ಮಿಣುಕಿದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲು ಉರಿಯದೆ ಹಾಗೆಯೇ ಹೊರಗೆ ಹೋಗುತ್ತಿದೆ ಎಂದು ಅರ್ಥ. ಆ ಪೆಟ್ರೋಲು ಕ್ಯಾಟಲಿಟಿಕ್ ಕನ್ವರ್ಟರಿನ, ಅಂದರೆ ಹೊಗೆಯ ವಿಷವನ್ನು ಕಡಿಮೆ ಮಾಡುವ ಡಬ್ಬದ, ಒಳಗೆ ಹೋಗಿ ಉರಿದರೆ ಜೇನುಗೂಡಿನಂಥ ಅದರ ಒಳಭಾಗವೇ ಕರಗಿಹೋಗುತ್ತದೆ. ಹಾಗೆ ಕಂಡರೆ ಹೆಜಮಾಡಿ ಟೋಲಿನಲ್ಲಿದ್ದರೂ ಸರಿ, ಬದಿಗೆ ನಿಲ್ಲಿಸಿ ನನಗೆ ಫೋನು ಮಾಡು.

ಭಾವ, ಬ್ಯಾಟರಿಯ ಮಾತು. ಬೇಸರಿಸಬೇಡಿ, ಎಲ್ಲರೂ ಅದನ್ನೇ ಮಾಡುತ್ತಾರೆ. ಆದರೆ ಬ್ಯಾಟರಿ ಬಿಚ್ಚಿದರೆ ದೋಷ ಹೋಗುವುದಿಲ್ಲ, ದೋಷದ ದಾಖಲೆ ಹೋಗುತ್ತದೆ. ದೀಪ ಹತ್ತಿದ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಾಗಿತ್ತು, ಎಷ್ಟು ಪೆಟ್ರೋಲು ಸುರಿಯುತ್ತಿತ್ತು ಎಂಬುದನ್ನೆಲ್ಲ ಕಾರಿನ ಕಂಪ್ಯೂಟರ್ ಬರೆದಿಟ್ಟುಕೊಂಡಿರುತ್ತದೆ. ನಮ್ಮ ಕೆಲಸಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಆ ಹುಡುಗ ಅದನ್ನು ಅಳಿಸಿಹಾಕಿದ. ಇಂಥ ಹೆಚ್ಚಿನ ದೋಷಗಳಿಗೆ ಒಂದೇ ಸಲಕ್ಕೆ ದೀಪ ಹತ್ತುವುದಿಲ್ಲ, ಸತತ ಎರಡು ಓಟಗಳಲ್ಲಿ ಕಾಣಬೇಕು. ಅದಕ್ಕೇ ಎರಡು ದಿನ ಸರಿಯಾದ ಹಾಗೆ ತೋರಿತು. ಈಗ ಮತ್ತೆ ಹತ್ತಿದೆಯಲ್ಲ, ಹೊಸ ದಾಖಲೆ ಒಳಗಿದೆ. ದಯವಿಟ್ಟು ಯಾರೂ ಮುಟ್ಟಬೇಡಿ.

ಇನ್ನು ನನಗೆ ಬೇಕಾದ ಮುಖ್ಯ ಉತ್ತರ: ಬಿಚ್ಚಿದ ಹಳೆಯ ಪೈಪು ಎಲ್ಲಿದೆ? ಹಿಂದಿನ ಡಬ್ಬವನ್ನು ಮಾತ್ರ ಬದಲಾಯಿಸಿದ್ದರೆ ದೀಪ ಹತ್ತಬಾರದು, ಯಾಕೆಂದರೆ ಸೆನ್ಸರುಗಳೆಲ್ಲ ಅದಕ್ಕಿಂತ ಮುಂದೆ ಇರುತ್ತವೆ. ನೀನು ಮುಂದಿನ ಪೈಪೂ ಹೊಸದು ಎನ್ನುತ್ತೀಯ. ಆ ಪೈಪಿನಲ್ಲಿ ಕನ್ವರ್ಟರ್ ಇತ್ತೇ? ಇದ್ದರೆ ಅದನ್ನು ಅಂಗಡಿಯಲ್ಲಿ ಬಿಟ್ಟುಬರಬೇಡ, ಇವತ್ತೇ ಹೋಗಿ ತೆಗೆದುಕೊಂಡು ಬಾ. ಅದರೊಳಗೆ ಪ್ಲಾಟಿನಂ, ಪಲಾಡಿಯಂ, ರೋಡಿಯಂ ಇರುತ್ತದೆ, ಗುಜರಿಯಲ್ಲಿ ಅದಕ್ಕೆ ಒಳ್ಳೆಯ ಬೆಲೆ. ನಾಳೆ ಕೇಳಿದರೆ "ಬಿಸಾಡಿದೆವು" ಎನ್ನಬಹುದು.

ಈಗ ಕೋಡಿನ ವಿಚಾರ, ಅಂದರೆ ಕಾರಿನ ಕಂಪ್ಯೂಟರ್ ಆ ದೋಷಕ್ಕೆ ಕೊಡುವ ಸಂಖ್ಯೆ. ಸ್ಟಿಯರಿಂಗಿನ ಕೆಳಗೆ ಹದಿನಾರು ಪಿನ್ನಿನ ಒಂದು ಸಾಕೆಟ್ ಇದೆ. ಸ್ಕ್ಯಾನರ್ ಅಲ್ಲಿಗೆ ಚುಚ್ಚಿದರೆ ಕೋಡು ಬರುತ್ತದೆ. ನಿನ್ನ ಗೆಳೆಯನ ಹತ್ತಿರ ಮೊಬೈಲಿಗೆ ಜೋಡಿಸುವ ಚಿಕ್ಕ ಬ್ಲೂಟೂತ್ ಯಂತ್ರ ಇದೆ ಎಂದಿದ್ದೆಯಲ್ಲ, ಅದೂ ಸಾಕು. ಕೋಡನ್ನು ಬರೆದುಕೋ, ಅಳಿಸಬೇಡ.

ನನ್ನ ಊಹೆ ಪಿ0420 ಬರುತ್ತದೆ ಎಂದು. ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಅದರ ಅರ್ಥ. ಕನ್ವರ್ಟರಿನ ಮುಂದೆ ಒಂದು ಆಕ್ಸಿಜನ್ ಸೆನ್ಸರ್, ಹಿಂದೆ ಒಂದು. ಹಳೆಯ ಮಾದರಿಯದಾದರೆ ಮುಂದಿನದು 0.1 ವೋಲ್ಟಿನಿಂದ 0.9 ವೋಲ್ಟಿನ ತನಕ ಎಡೆಬಿಡದೆ ಏರಿಳಿಯುತ್ತದೆ. ಹಿಂದಿನದು 0.6, 0.7ರ ಆಸುಪಾಸಿನಲ್ಲಿ ಅಲುಗಾಡದೆ ನಿಲ್ಲಬೇಕು, ಯಾಕೆಂದರೆ ಕನ್ವರ್ಟರ್ ಆಕ್ಸಿಜನ್ನನ್ನು ಹೀರಿಟ್ಟುಕೊಂಡು ಬೇಕಾದಾಗ ಬಿಡುತ್ತದೆ. ಹಿಂದಿನದೂ ಮುಂದಿನದರಂತೆ ಕುಣಿಯತೊಡಗಿದರೆ ನಡುವೆ ಕೆಲಸ ಮಾಡುವವರು ಯಾರೂ ಇಲ್ಲ ಎಂದು ಕಂಪ್ಯೂಟರ್ ತಿಳಿಯುತ್ತದೆ. ಕನ್ವರ್ಟರನ್ನೇ ತೆಗೆದು ಬರೀ ಪೈಪು ಹಾಕಿದ್ದರೆ ಅದು ತಿಳಿದದ್ದು ಸತ್ಯವೇ.

ಆದರೆ ಕೋಡು ನೋಡಿದ ಕೂಡಲೇ ಕನ್ವರ್ಟರ್ ಹೋಯಿತು ಎಂದು ತೀರ್ಮಾನಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎರಡು ಪೈಪು ಸೇರುವಲ್ಲಿ ಒಂದು ಕೂದಲೆಳೆಯಷ್ಟು ಸಂದು ಇದ್ದರೂ ಇದೇ ಕೋಡು ಬರಬಹುದು. ಹೊಗೆ ಪೈಪಿನಲ್ಲಿ ನದಿಯ ಹಾಗೆ ಒಂದೇ ಸಮನೆ ಹರಿಯುವುದಿಲ್ಲ. ನಾಡಿ ಬಡಿದ ಹಾಗೆ ಬರುತ್ತದೆ. ಎರಡು ಬಡಿತಗಳ ನಡುವೆ ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗಿ, ಆ ಸಂದಿನಿಂದ ಹೊರಗಿನ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ. ಸೋರುವ ಜಾಗದಲ್ಲಿ ಹೊಗೆ ಹೊರಗೆ ಬರುತ್ತದೆ ಎಂದಷ್ಟೇ ಎಲ್ಲರೂ ಯೋಚಿಸುತ್ತಾರೆ, ಗಾಳಿ ಒಳಗೆ ಹೋಗುವುದನ್ನು ಯಾರೂ ಯೋಚಿಸುವುದಿಲ್ಲ. ಸಂದು ಮುಂದಿನ ಸೆನ್ಸರಿಗಿಂತಲೂ ಮೊದಲೇ ಇದ್ದರೆ ಇನ್ನೂ ಕೆಟ್ಟದ್ದು. ಆ ಗಾಳಿಯ ಆಕ್ಸಿಜನ್ ಕಂಡು ಸೆನ್ಸರ್ "ಪೆಟ್ರೋಲು ಸಾಲದು" ಎನ್ನುತ್ತದೆ, ಕಂಪ್ಯೂಟರ್ ನಂಬಿ ಇನ್ನಷ್ಟು ಸುರಿಯುತ್ತದೆ. ಮೈಲೇಜ್ ಇಳಿಯುತ್ತದೆ, ಕೊನೆಗೆ ಪಿ0171 ಎಂಬ ಕೋಡು ಬೀಳುತ್ತದೆ. ನಿನ್ನ ಮೈಲೇಜ್ ಈ ವಾರ ಇಳಿದಿದೆಯೇ? ಹೇಳು.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಕಾಪುವಿನ ಕಡೆಯಿಂದ ಒಂದು ಕಾರು ಬಂದಿತ್ತು, ಹೀಗೆಯೇ ಹೊರಗೆ ಎಲ್ಲೋ ಪೈಪು ಹಾಕಿಸಿದ್ದು. ಪಿ0171 ಕಂಡು ನಾನು ಮುಂದಿನ ಸೆನ್ಸರನ್ನು ಬದಲಾಯಿಸಿದೆ. ವಾರ ಕಳೆದು ಅದೇ ದೀಪದೊಂದಿಗೆ ವಾಪಸು ಬಂದರು. ಆ ದಿನ ಗಾಡಿಯನ್ನು ರಾತ್ರಿಯಿಡೀ ತಣ್ಣಗೆ ಬಿಟ್ಟು ಬೆಳಿಗ್ಗೆ ಸ್ಟಾರ್ಟ್ ಮಾಡಿ ಕಿವಿಗೊಟ್ಟೆ. ಎರಡು ಪೈಪು ಬೋಲ್ಟಿನಿಂದ ಸೇರುವ ಫ್ಲೇಂಜಿನ ಹತ್ತಿರ ಟಿಕ್ ಟಿಕ್ ಎಂಬ ಸಣ್ಣ ಸದ್ದು, ಐದು ನಿಮಿಷದಲ್ಲಿ ಕಬ್ಬಿಣ ಬಿಸಿಯಾಗಿ ಹಿಗ್ಗಿದ ಕೂಡಲೇ ನಿಂತೇಹೋಯಿತು. ಪೈಪು ಕೂರಿಸಿದವರು ಹಳೆಯ ಗ್ಯಾಸ್ಕೆಟನ್ನೇ, ಅಂದರೆ ಜೋಡಣೆಯ ಸಂದು ಮುಚ್ಚುವ ಪಟ್ಟಿಯನ್ನೇ, ಮತ್ತೆ ಹಾಕಿದ್ದರು. ಸೆನ್ಸರಿನ ದುಡ್ಡನ್ನು ಅವರಿಗೆ ಹಿಂದಿರುಗಿಸಿದೆ. ಅಲ್ಲಿಂದೀಚೆಗೆ ತಣ್ಣಗಿನ ಎಂಜಿನಿಗೆ ಕಿವಿ ಕೊಡದೆ ನಾನು ಒಂದು ಸೆನ್ಸರನ್ನೂ ಬಿಚ್ಚಿಲ್ಲ.

ಒಂದು ನಿಮಿಷ, ಯಾರೋ ಬಂದರು... ಹಾಂ, ಗಾಳಿ ಹಾಕಿಸಲು ಬಂದವರು. ಎಲ್ಲಿಗೆ ನಿಲ್ಲಿಸಿದೆ? ಮೂರನೆಯ ಸಾಧ್ಯತೆ ವೈರು. ಹಿಂದಿನ ಸೆನ್ಸರನ್ನು ಬಿಸಿ ಮಾಡುವ ಹೀಟರಿನ ಕೋಡು, ಪಿ0141 ಅಥವಾ ಪಿ0037, ಬಂದರೆ ನನಗೆ ಸಂತೋಷವೇ, ಸುಲಭದ ಕೆಲಸ. ಸೆನ್ಸರ್ ಬಿಚ್ಚುವಾಗ ವೈರನ್ನು ತಿರುಚಿರುತ್ತಾರೆ, ಇಲ್ಲವೇ ಕ್ಲಿಪ್ಪು ಹಾಕದೆ ಬಿಟ್ಟು ಅದು ಬಿಸಿ ಪೈಪಿಗೆ ತಾಗಿ ಸುಟ್ಟಿರುತ್ತದೆ. ನಮ್ಮ ಕರಾವಳಿಯಲ್ಲಿ ಉಪ್ಪು ಗಾಳಿಗೆ ಕನೆಕ್ಟರಿನ ಪಿನ್ನು ಹಸಿರುಗಟ್ಟುವುದೂ ಇದೆ. ಮತ್ತೆ, ಕೊಟ್ಟಾರ ಚೌಕಿಯಲ್ಲಿ ನಿಂತ ಮಳೆನೀರಿನಲ್ಲಿ ಹಾದುಬಂದೆಯಾ? ಕಾದ ಸೆನ್ಸರಿನ ಒಳಗಿರುವುದು ಪಿಂಗಾಣಿಯಂಥ ವಸ್ತು, ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಜೋಡಣೆಗೆ ಸಿಲಿಕಾನ್ ಅಂಟು ಮೆತ್ತಿದ್ದಾರೆಯೇ ಎಂಬುದನ್ನೂ ಕೇಳು. ಎಲ್ಲ ಅಂಟೂ ಸೆನ್ಸರಿಗೆ ಆಗುವುದಿಲ್ಲ, ಕೆಲವುಗಳ ಹಬೆ ಅದನ್ನು ಕೊಂದುಬಿಡುತ್ತದೆ.

ನಿನಗೆ ಮನೆಯಲ್ಲಿ ನೋಡಲು ಒಂದೇ ಒಂದು ಕೆಲಸ ಹೇಳುತ್ತೇನೆ. ನಾಳೆ ಬೆಳಿಗ್ಗೆ, ಗಾಡಿ ಪೂರ್ತಿ ತಣ್ಣಗಿರುವಾಗ, ಅಂಗಳದಲ್ಲಿ ಬಯಲಿಗೆ ತಂದು ಸ್ಟಾರ್ಟ್ ಮಾಡಿಸು. ದಪ್ಪ ಒದ್ದೆ ಬಟ್ಟೆಯನ್ನು ಸೈಲೆನ್ಸರಿನ ಬಾಯಿಗೆ ನಾಲ್ಕೈದು ಸೆಕೆಂಡು ಒತ್ತಿ ಹಿಡಿದು ಕೇಳು, ಮುಂದೆ ಎಲ್ಲಾದರೂ ಬುಸ್ ಎನ್ನುತ್ತದೆಯೋ ಎಂದು. ಬಗ್ಗಿ ನೋಡಿದರೆ ಜೋಡಣೆಯ ಸುತ್ತ ಕಪ್ಪು ಮಸಿ ಕಾಣಬಹುದು. ಕಾರನ್ನು ಬರೀ ಜಾಕಿನ ಮೇಲೆ ಎತ್ತಿ ಕೆಳಗೆ ತೂರಬೇಡ. ಈ ಮಾತನ್ನು ನಾನು ಕೈಮುಗಿದು ಹೇಳುತ್ತಿದ್ದೇನೆ.

ಶನಿವಾರ ಬೇಡ ಎಂದದ್ದಕ್ಕೆ ಕಾರಣ ದೀಪವಲ್ಲ, ಆ ಸಂದು. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕನ್ವರ್ಟರ್ ಅದನ್ನು ಕಡಿಮೆ ಮಾಡುವಂಥದ್ದು, ಅದೇ ಇಲ್ಲದಿದ್ದರೆ ಇನ್ನೂ ಹೆಚ್ಚು. ಹೆಬ್ರಿ, ಸೋಮೇಶ್ವರ ದಾಟಿದ ಮೇಲೆ ಹದಿನಾಲ್ಕು ತಿರುವು. ಮಳೆ, ಮಂಜು, ಕಿಟಕಿ ಎಲ್ಲ ಮುಚ್ಚಿರುತ್ತೀರಿ. ಎಂಜಿನ್ ಕೆಳಗಿನ ಗೇರಿನಲ್ಲಿ ಕಷ್ಟಪಟ್ಟು ಏರುತ್ತಿರುತ್ತದೆ. ಒಳಗೆ ಕುಳಿತವರಿಗೆ ತಲೆನೋವು, ವಾಕರಿಕೆ ಬಂದರೆ ಘಾಟಿಯ ತಿರುವಿಗೆ ಹಾಗಾಗಿದೆ ಎಂದುಕೊಳ್ಳುತ್ತೀರಿ. ಅಜ್ಜಿ ಹಿಂದಿನ ಸೀಟಿನಲ್ಲಿ ನಿದ್ದೆಹೋದರೆ ಯಾರಿಗೂ ಅನುಮಾನವೇ ಬರುವುದಿಲ್ಲ. ನಿನಗೆ ಅಜ್ಜಿ, ನನಗೆ ಅಮ್ಮ.

ಸ್ಪೇಸರ್ ಹಾಕಿಸಬೇಡ. ಅದು ಹಿಂದಿನ ಸೆನ್ಸರಿನ ಮೂತಿಯನ್ನು ಹೊಗೆಯಿಂದ ಹೊರಕ್ಕೆ ಸರಿಸುತ್ತದೆ, ಅಷ್ಟೇ. ಥರ್ಮಾಮೀಟರನ್ನು ಕಂಬಳಿಯ ಹೊರಗೆ ಹಿಡಿದು ಜ್ವರವಿಲ್ಲ ಎಂದ ಹಾಗೆ. ನಿನ್ನದು ಬಿಎಸ್ 6 ಗಾಡಿ, ಅಂದರೆ ಹೊಗೆಯ ಕಟ್ಟುನಿಟ್ಟಿನ ಮಾನದಂಡಕ್ಕೆ ಮಾಡಿದ್ದು. ಕಂಪನಿ ಕೊಟ್ಟದ್ದಕ್ಕೆ ವಿರುದ್ಧವಾಗಿ ಮಾರ್ಪಾಡು ಮಾಡಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲೇ ಇದೆ. ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಶಬ್ದ ಮತ್ತು ಹೊಗೆಯ ನಿಯಮ ಮೀರಿದರೆ 10,000ದವರೆಗೆ ದಂಡ, ಲೈಸೆನ್ಸೂ ಮೂರು ತಿಂಗಳು ಹೋಗುತ್ತದೆ. ಗಂಭೀರವಾದ ಸದ್ದು ನಿನಗೆ ಇಷ್ಟ ಎಂದು ಗೊತ್ತು, ನಿನ್ನ ವಯಸ್ಸಿನಲ್ಲಿ ನನಗೂ ಇಷ್ಟವಿತ್ತು. ಆದರೂ ಕನ್ವರ್ಟರ್ ತೆಗೆದಿದ್ದಾರೆ ಎಂದಾದರೆ ನಾನು ಬೇರೆ ಉಪಾಯ ಹುಡುಕುವುದಿಲ್ಲ. ಹಳೆಯ ಪೈಪನ್ನೇ ವಾಪಸು ಕೂರಿಸುತ್ತೇನೆ.

ಹೀಗೆ ಮಾಡು. ನಾಡಿದ್ದು ಗುರುವಾರ ಕೆಲಸ ಮುಗಿಸಿ, ಹಳೆಯ ಪೈಪನ್ನು ಡಿಕ್ಕಿಯಲ್ಲಿ ಹಾಕಿಕೊಂಡು, ಕಿಟಕಿ ಇಳಿಸಿ, ನಿಧಾನವಾಗಿ ಉಡುಪಿಗೆ ಬಾ. ಗಾಡಿಯನ್ನು ರಾತ್ರಿ ಇಲ್ಲಿಯೇ ಬಿಡು, ಪಿಟ್ ಖಾಲಿ ಇಡುತ್ತೇನೆ. ಶುಕ್ರವಾರ ಬೆಳಿಗ್ಗೆ ಆರಕ್ಕೆ, ಕಬ್ಬಿಣ ತಣ್ಣಗಿರುವಾಗ, ಇಬ್ಬರೂ ಒಟ್ಟಿಗೆ ಕಿವಿ ಕೊಡೋಣ. ಹೊಸ ಗ್ಯಾಸ್ಕೆಟ್ ನಾನು ಇವತ್ತೇ ತರಿಸಿಡುತ್ತೇನೆ, ಗಾಡಿಯ ಮಾದರಿ ಮತ್ತು ವರ್ಷವನ್ನು ಬರೆದು ಕಳುಹಿಸು. ಅಷ್ಟರಲ್ಲಿ ಸರಿಯಾಗದಿದ್ದರೆ ಶನಿವಾರ ನನ್ನ ಗಾಡಿ ತೆಗೆದುಕೊಂಡು ಹೋಗಿ. ಅಕ್ಕ, ಅಮ್ಮನಿಗೆ ಶೃಂಗೇರಿ ತಪ್ಪುವುದಿಲ್ಲ ಎಂದು ಹೇಳಿಬಿಡು, ಅವರು ಆಗಲೇ ಸೀರೆ ತೆಗೆದಿಟ್ಟಿರುತ್ತಾರೆ.